ಬಿಸ್ಕಿಟ್ ಡಬ್ಬಿಯ ಪ್ರಶ್ನೆಗಳು
(ಜೈನಾಪುರದ ಒಬ್ಬ ಆಟದ ಮಾಸ್ತರನ ದಿನಚರಿಯಿಂದ, 2017)

ಜುಲೈ 12, ಬುಧವಾರ

ಬೆಳಿಗ್ಗೆ ಎರಡು ಸಲ ಜಿನುಗಿ ನಿಂತಿತು. ತೊಗರಿಗೆ ಸಾಲದು, ಮೈದಾನ ಕೆಡಿಸಲು ಸಾಕು. ನಮ್ಮ ಎರೆಮಣ್ಣಿನ ಗುಣವೇ ಹಾಗೆ. ಒಣಗಿದರೆ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ನೆನೆದರೆ ಒಂದೊಂದು ಕಾಲಿಗೆ ಎರಡು ಕಿಲೋ ಮಣ್ಣು. ಖೋಖೋ ಪ್ರಾಕ್ಟೀಸ್ ಆಗಲಿಲ್ಲ. ಹತ್ತನೆಯವರನ್ನು ವರಾಂಡದಲ್ಲಿ ಕೂರಿಸಿಕೊಂಡು ಮಾತಿಗೆ ಎಳೆದೆ.

"ಇಂಗ್ಲೆಂಡಿನಾಗ ವರ್ಲ್ಡ್ ಕಪ್ ನಡದೈತಿ, ಗೊತ್ತೈತೇನು?"

"ಅದು ಮುಗೀತಲ್ರೀ ಸರ್. ಪಾಕಿಸ್ತಾನ ಗೆದ್ತು."

"ಅದು ಚಾಂಪಿಯನ್ಸ್ ಟ್ರೋಫಿ. ಇದು ಹೆಣ್ಣಮಕ್ಕಳದು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಟೀಮಿನಾಗ ಅದಾಳ."

ಎಲ್ಲರ ಕತ್ತೂ ಮೇಲೆದ್ದವು. "ಎಷ್ಟ್ ವಿಕೆಟ್ ತಗದಾಳ್ರೀ?"

"ಇನ್ನೂ ಆಡಿಸಿಲ್ಲ."

ಎದ್ದ ಕತ್ತುಗಳು ಮತ್ತೆ ಇಳಿದವು. ಅವಳು ಎಡಗೈ ಸ್ಪಿನ್ನರ್, ಏಕ್ತಾ ಬಿಷ್ಟ್ ಕೂಡ ಎಡಗೈ ಸ್ಪಿನ್ನರ್. ಏಕ್ತಾ ಪಾಕಿಸ್ತಾನದ ಮೇಲೆ 18 ರನ್ನಿಗೆ 5 ವಿಕೆಟ್ ಕಿತ್ತಿದ್ದಾಳೆ. ಒಂದೇ ಜಾಗಕ್ಕೆ ಇಬ್ಬರು ಎಂದೆಲ್ಲ ಹೇಳಿದೆ. ಹುಡುಗರಿಗೆ ಅದು ಬೇಕಿರಲಿಲ್ಲ. ಹಿಂದೆ ಕೂತ ಒಬ್ಬ ಹುಡುಗಿ ಮಾತ್ರ ಕಿವಿಗೊಟ್ಟು ಕೇಳಿದಳು. ಖೋಖೋದಲ್ಲಿ ಅವಳು ನನ್ನ ಹನ್ನೆರಡನೆಯವಳು. ಹೋದ ವರ್ಷವಿಡೀ ಒಂದು ಸಲವೂ ಅವಳನ್ನು ಒಳಗೆ ಇಳಿಸಿರಲಿಲ್ಲ.

ರಾತ್ರಿ ಮೊಬೈಲಿನಲ್ಲಿ ನೋಡಿದೆ. ಬ್ರಿಸ್ಟಲ್‌ನಲ್ಲಿ ನಮ್ಮ ಮೇಲೆ ಆಸ್ಟ್ರೇಲಿಯಾಕ್ಕೆ 8 ವಿಕೆಟ್ ಜಯ. ಎಲಿಸ್ ಪೆರಿ ಔಟಾಗಲೇ ಇಲ್ಲ. ಶನಿವಾರ ನ್ಯೂಜಿಲೆಂಡ್ ಮೇಲೆ ಗೆದ್ದರೆ ಸೆಮಿಫೈನಲ್, ಸೋತರೆ ಊರಿಗೆ ವಾಪಸು.

ಜುಲೈ 15, ಶನಿವಾರ

ಆಡಿಸಿದರು!

ಮಧ್ಯಾಹ್ನ ಮೂರಕ್ಕೆ ಶುರು. ಮಿಥಾಲಿ ರಾಜ್ 109. ಕೊನೆಗೆ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಬಾರಿಸಿದಳು. ಒಟ್ಟು 265. ಅಷ್ಟರಲ್ಲಿ ನನ್ನ ಮೊಬೈಲು ರೊಟ್ಟಿ ಹಂಚಿನಂತೆ ಕಾದಿತ್ತು. ಮನೆ ಮಾಲೀಕರ ಅಂಗಳಕ್ಕೆ ಬಂದು ಚಾರ್ಜಿಗೆ ಹಚ್ಚಿ ನೋಡುತ್ತ ಕುಳಿತೆ. ಒಬ್ಬೊಬ್ಬನೇ ಹುಡುಗ ಬಂದು ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದ. ಚಿತ್ರ ನಿಲ್ಲುತ್ತಿತ್ತು, ಚಕ್ರ ತಿರುಗುತ್ತಿತ್ತು, ಮತ್ತೆ ಚಿತ್ರ ಬರುವಷ್ಟರಲ್ಲಿ ಇನ್ನೊಬ್ಬಳು ಔಟಾಗಿ ಹೊರಟಿರುತ್ತಿದ್ದಳು. ನ್ಯೂಜಿಲೆಂಡ್ 25.3 ಓವರಿನಲ್ಲಿ 79ಕ್ಕೆ ಮುಗಿಯಿತು. ರಾಜೇಶ್ವರಿ: 7.3 ಓವರ್, 15 ರನ್, 5 ವಿಕೆಟ್. ಆರು ಪಂದ್ಯ ಹೊರಗೆ ಕುಳಿತು ಏಳನೆಯದರಲ್ಲಿ ಇದು.

ಮಾಲೀಕರ ತಾಯಿ ಒಳಗಿನಿಂದ ಕೂಗಿ ಕೇಳಿದರು: "ಯಾರ್ ಮಗಳೋ ಆಕಿ?"

"ವಿಜಾಪುರದಾಕಿ, ಆಯೀ."

"ಊರು ಕೇಳ್ಲಿಲ್ಲೋ ತಮ್ಮಾ. ಯಾರ್ ಮಗಳು ಅಂದೆ."

ತಂದೆಯ ಹೆಸರು ಶಿವಾನಂದ ಎಂದೆ. ಈಗ ಇಲ್ಲ. 2014ರ ಜನವರಿಯಲ್ಲಿ ಮಗಳು ಶ್ರೀಲಂಕಾದ ಮೇಲೆ ಮೊದಲ ಸಲ ಭಾರತಕ್ಕಾಗಿ ಆಡಿದಳು, ಅದೇ ವರ್ಷ ತಂದೆ ತೀರಿಕೊಂಡರು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಹೋದನಲ್ಲ, ಅಷ್ಟ ಸಾಕು" ಎಂದರು.

ಜುಲೈ 17, ಸೋಮವಾರ

ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರೇ ಅವಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಊರಿಗೆ ಬಂದ ಮೇಲೆ ವಿಜಯಪುರದಲ್ಲಿ ಸನ್ಮಾನ ಆಗಿಯೇ ಆಗುತ್ತದೆ, ಅನುಕೂಲವಾದರೆ ಮಕ್ಕಳನ್ನು ಕರೆದೊಯ್ಯೋಣ ಎಂದರು. ನನಗೊಂದು ಹುಕಿ ಬಂತು. ಬರೀ ಕೈ ಬೀಸಿ ಬರುವುದೇಕೆ? ಪ್ರಶ್ನೆ ಬರೆದುಕೊಂಡು ಹೋಗೋಣ. ಸಿಕ್ಕರೆ ಕೇಳೋಣ, ಸಿಗದಿದ್ದರೆ ಯಾರ ಕೈಯಲ್ಲಾದರೂ ಕೊಟ್ಟು ಬರೋಣ.

ಸ್ಟಾಫ್ ರೂಮಿನ ಖಾಲಿ ಬಿಸ್ಕಿಟ್ ಡಬ್ಬಿಯ ಮುಚ್ಚಳ ಕೊರೆದು ವರಾಂಡದಲ್ಲಿಟ್ಟೆ. ಹೆಸರು ಬರೆಯಬೇಕಿಲ್ಲ ಎಂದೆ. ಸಂಜೆಗೆ 26 ಚೀಟಿ.

ಜುಲೈ 18, ಮಂಗಳವಾರ

ಓದಿ ನಗಬೇಕೋ ಅಳಬೇಕೋ. ಹದಿನಾಲ್ಕರಲ್ಲಿ ಕೊಹ್ಲಿ! "ಕೊಹ್ಲಿ ಭೆಟ್ಟಿ ಆಗ್ಯಾನೇನ್ರೀ?" "ಕೊಹ್ಲಿ ನಿಮ್ಮ ಬೌಲಿಂಗಿಗೆ ಸಿಕ್ಸರ್ ಹೊಡೀತಾನೋ ಇಲ್ಲೋ?" "ನಿಮಗ ಧೋನಿ ಸೇರ್ತಾನೋ ಕೊಹ್ಲಿನೋ?" ಕೈಬರಹ ನೋಡಿದರೆ ಎಲ್ಲ ಹುಡುಗರವೇ.

ಇವತ್ತು ಕ್ಲಾಸಿನಲ್ಲಿ ಮಿಥಾಲಿಯ ಸಂಗತಿ ಹೇಳಿದೆ. ಈ ವಿಶ್ವಕಪ್ ಶುರುವಾಗುವ ಮುನ್ನ ಪತ್ರಕರ್ತರೊಬ್ಬರು ಆಕೆಯನ್ನು ಕೇಳಿದ್ದರು: ಪುರುಷ ಕ್ರಿಕೆಟಿಗರಲ್ಲಿ ನಿಮಗೆ ಮೆಚ್ಚಿನವರು ಯಾರು? ನೀವು ಪುರುಷ ಆಟಗಾರರಿಗೆ ಈ ಪ್ರಶ್ನೆ ಕೇಳುತ್ತೀರಾ, ಅವರಿಗೆ ಮೆಚ್ಚಿನ ಆಟಗಾರ್ತಿ ಯಾರೆಂದು ಎಂದಾದರೂ ವಿಚಾರಿಸಿದ್ದೀರಾ ಎಂದು ಮಿಥಾಲಿ ತಿರುಗಿ ಕೇಳಿದಳು.

ಹುಡುಗರು ಹಲ್ಲು ಕಿರಿದರು. ಒಬ್ಬ ಎದ್ದು ನಿಂತು, "ಮತ್ತ ಏನ್ ಕೇಳೂದ್ರೀ ಸರ್?" ಎಂದ. ಅವನದು ಚೇಷ್ಟೆಯಲ್ಲ, ನಿಜಕ್ಕೂ ತಿಳಿದಿರಲಿಲ್ಲ. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಆಕಿನ್ನ ಕೇಳು, ಕೊಹ್ಲಿನ್ನಲ್ಲ" ಎಂದು ಕೂರಿಸಿದೆ.

ಹುಡುಗಿಯರು ಒಬ್ಬರೂ ಬರೆದಿಲ್ಲ. ವರಾಂಡದಲ್ಲಿ ಎಲ್ಲರ ಎದುರು ಡಬ್ಬಿಗೆ ಚೀಟಿ ಹಾಕಲು ಸಂಕೋಚವೇ? ಡಬ್ಬಿಯನ್ನು ಸಮಾಜ ವಿಜ್ಞಾನದ ಅಕ್ಕೋರ ಕೈಗೆ ಕೊಟ್ಟೆ. ಅವರು ಅದನ್ನು ಹುಡುಗಿಯರು ಬುತ್ತಿ ಉಣ್ಣುವ ಕೋಣೆಯಲ್ಲಿಟ್ಟರು.

ಜುಲೈ 20, ಗುರುವಾರ

ಡರ್ಬಿಯಲ್ಲಿ ಮಳೆ ಬಂದು ಸೆಮಿಫೈನಲ್ 42 ಓವರಿಗೆ ಇಳಿಯಿತು. ಹರ್ಮನ್‌ಪ್ರೀತ್ ಕೌರ್ 115 ಎಸೆತಕ್ಕೆ ಅಜೇಯ 171. ಅಂಗಳದಲ್ಲಿ ಕುಳಿತವರಲ್ಲಿ ಯಾರೂ ಏಳಲಿಲ್ಲ. ಎದ್ದರೆ ಔಟಾಗುತ್ತಾಳೆ ಎಂಬ ನಂಬಿಕೆ. ಮೂತ್ರಕ್ಕೆ ಹೋಗಬೇಕಿದ್ದ ಹುಡುಗನನ್ನೂ ಹಿಡಿದು ಕೂರಿಸಿದರು. 36 ರನ್ನಿನಿಂದ ಗೆದ್ದೆವು. ಭಾನುವಾರ ಲಾರ್ಡ್ಸ್‌ನಲ್ಲಿ ಫೈನಲ್.

ಅಕ್ಕೋರು ಸಂಜೆ ಡಬ್ಬಿ ತಂದು ಮೇಜಿನ ಮೇಲಿಟ್ಟರು. "ಇದನ್ನ ಒಬ್ರ ಕೂತು ಓದ್ರಿ" ಎಂದರು. ಮತ್ತೇನೂ ಹೇಳಲಿಲ್ಲ.

ಜುಲೈ 21, ಶುಕ್ರವಾರ. ರಾತ್ರಿ ಹನ್ನೊಂದು

ಓದಿದೆ. ಇಲ್ಲಿ ಕೆಲವನ್ನು ಇದ್ದಂತೆಯೇ ಇಳಿಸಿಕೊಳ್ಳುತ್ತೇನೆ.

"ಅಕ್ಕಾ, ನಾನೂ ಎಡಚಿ. ನಮ್ಮ ಅಮ್ಮ ಎಡಗೈಲೆ ಮುಟ್ಟಿದ್ರ ಬೈತಾಳ. ನಿಮಗೂ ಬೈತಿದ್ರೇನು?"

"ಆರು ಮ್ಯಾಚ್ ಹೊರಗ ಕೂತಿದ್ರೆಲ್ಲ, ಗೆದ್ದಾಗ ಮನಸಿನಿಂದ ಚಪ್ಪಾಳೆ ಹೊಡದ್ರೋ, ಸುಮ್ನ ಹೊಡದ್ರೋ?" (ಇದು ನನ್ನ ಹನ್ನೆರಡನೆಯವಳದು. ಬೇರೆ ಯಾರೂ ಇದನ್ನು ಕೇಳಲಾರರು.)

"ಪ್ಯಾಂಟ್ ಹಾಕ್ಕೊಂಡು ಓಣಿಯಾಗ ಮೊದಲನೇ ದಿನ ಹ್ಯಾಂಗ ಹೊಂಟ್ರಿ?"

"ತಿಂಗಳ ಮುಟ್ಟಾದಾಗ ಮ್ಯಾಚ್ ಬಂದ್ರ ಏನ್ ಮಾಡ್ತೀರಿ? ಕೋಚಿಗೆ ಹೇಳ್ತೀರೇನು? ಕೋಚ್ ಗಂಡಸಾದ್ರ?"

"ಆಸ್ಟ್ರೇಲಿಯಾದ ಪೆರಿ ಫುಟ್‌ಬಾಲ್ ವರ್ಲ್ಡ್ ಕಪ್ಪನೂ ಆಡ್ಯಾಳಂತ, ಕ್ರಿಕೆಟ್ಟೂ ಆಡ್ತಾಳ. ಆಕೀಗಿ ಎರಡು ಆಟಕ್ಕ ಬಿಟ್ಟಾರ. ನಮಗ ಒಂದಕ್ಕ ಬಿಡಸಾಕ ಯಾರನ್ನ ಕೇಳ್ಬೇಕು?"

"ರೇಲ್ವೆ ನೌಕರಿ ಆಟ ಆಡಿದ್ದಕ್ಕ ಕೊಟ್ರೋ, ಪರೀಕ್ಷೆ ಬರೀಬೇಕಾತೋ? ಪಗಾರ ಯಾರ ಕೈಯಾಗ ಬರ್ತದ?"

"ನಿಮ್ಮ ಮದವಿ ಬಗ್ಗೆ ಮನ್ಯಾಗ ಏನಂತಾರ?"

ಪೆರಿಯ ವಿಷಯ ನಿಜ. 2011ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಗೋಲನ್ನೂ ಹೊಡೆದವಳು. ಆ ದೇಶದಲ್ಲಿ ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಅವರದೇ ಒಂದು ಫುಟ್‌ಬಾಲ್ ಇದೆ. ಅದರ ಮಹಿಳಾ ಲೀಗು ಇದೇ ಫೆಬ್ರುವರಿಯಲ್ಲಿ ಶುರುವಾಯಿತು. ಮೆಲ್ಬರ್ನಿನಲ್ಲಿ ಮೊದಲ ಪಂದ್ಯಕ್ಕೆ ಮೈದಾನ ತುಂಬಿಹೋಗಿ ಗೇಟು ಮುಚ್ಚಿ ಜನರನ್ನು ವಾಪಸು ಕಳಿಸಿದರು. ಅಲ್ಲಿಯೂ ಇಂಥ ಚೀಟಿ ಬರೆಯುವ ಹುಡುಗಿಯರು ಇದ್ದೇ ಇರುತ್ತಾರೆ. ಅವರು ಏನು ಕೇಳುತ್ತಾರೋ?

ಕೊನೆಯ ಚೀಟಿಯ ಹತ್ತಿರ ಬಂದು ಪೆನ್ನು ನಿಂತಿದೆ. ಬರೆದೇ ಬಿಡುತ್ತೇನೆ.

"ಮ್ಯಾಚ್ ಮುಗಿಸಿ ಬರೂದು ರಾತ್ರಿ ಆದಾಗ ನಿಮ್ಮನ್ನ ಮನೀತನ ಯಾರು ಬಿಡ್ತಿದ್ರು?"

'ರ'ದ ಬಾಲವನ್ನು ಕೆಳಗಿನ ಗೆರೆಯವರೆಗೂ ಎಳೆಯುವ ಕೈಬರಹ. ಯಾರದೆಂದು ಗೊತ್ತು. ಹೋದ ವರ್ಷ ಎಂಟನೆಯದರಲ್ಲಿದ್ದಾಗಲೇ ನಮ್ಮ ತಂಡದಲ್ಲಿ ಅವಳಷ್ಟು ಚುರುಕಾಗಿ ಕಂಬ ತಿರುಗುವವರು ಇರಲಿಲ್ಲ. ಜಿಲ್ಲಾ ಮಟ್ಟಕ್ಕೆ ವಿಜಯಪುರಕ್ಕೆ ಹೋಗಿದ್ದೆವು. ಬರುವಾಗ ಬಸ್ಸು ತಪ್ಪಿತು. ಟಂಟಂ ಹಿಡಿದು ಊರು ಮುಟ್ಟಿದಾಗ ಒಂಬತ್ತೂವರೆ. ಮಕ್ಕಳನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ತಲೆ ಎಣಿಸಿ, ನಾನು ರೂಮಿಗೆ ಬಂದು ಮಲಗಿದೆ. ಅವಳ ಮನೆ ಊರೊಳಗಿಲ್ಲ, ತೋಟದ ವಸ್ತಿಯಲ್ಲಿ.

ಮರುವಾರದಿಂದ ಅವಳು ಆಟಕ್ಕೆ ಬರಲಿಲ್ಲ. ಕೇಳಿದ್ದಕ್ಕೆ, "ಅಪ್ಪ ಬ್ಯಾಡಂದಾನ್ರೀ" ಎಂದಳು. ಹಳ್ಳಿಯ ಅಪ್ಪಂದಿರೆಲ್ಲ ಇಷ್ಟೇ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಒಂದು ವರ್ಷ ಹೇಳಿದೆ.

ಜುಲೈ 23, ಭಾನುವಾರ. ನಾಗರ ಅಮಾವಾಸ್ಯೆ

ಮಾಲೀಕರು ಟೀವಿಯನ್ನು ಕಟ್ಟೆಯ ಮೇಲೆ ತಂದಿಟ್ಟರು. ಇವತ್ತು ಎತ್ತು ಹೂಡುವವರಿಲ್ಲ. ಅರ್ಧ ಊರೇ ಬಂದಿತ್ತು. ಹುಡುಗಿಯರು ಬಾಗಿಲ ಹಿಂದೆ, ಮಾಳಿಗೆಯ ಮೆಟ್ಟಿಲ ಮೇಲೆ.

ಇಂಗ್ಲೆಂಡಿನ ಮೊದಲ ವಿಕೆಟ್ ನಮ್ಮವಳದೇ. ವಿನ್‌ಫೀಲ್ಡ್ ಬೌಲ್ಡ್. ಶಿಳ್ಳೆ, ಚಪ್ಪಾಳೆ, ಅದರ ಮೇಲೆ ಆಯಿಯ ಬೈಗುಳ. ಝೂಲನ್ ಗೋಸ್ವಾಮಿ 23 ರನ್ನಿಗೆ 3. ಇಂಗ್ಲೆಂಡ್ 228. ನಾವು 3 ವಿಕೆಟಿಗೆ 191ರವರೆಗೆ ಹೋಗಿ ಕೈಯಲ್ಲಿದ್ದುದನ್ನು ಚೆಲ್ಲಿಕೊಂಡೆವು. ಶ್ರಬ್‌ಸೋಲ್ ಎಂಬಾಕೆಗೆ 6 ವಿಕೆಟ್. ಬರೀ 28 ರನ್ನಿನೊಳಗೆ ಏಳು ಜನ. 9 ರನ್ನಿನ ಸೋಲು.

ಕೊನೆಯ ವಿಕೆಟ್ ರಾಜೇಶ್ವರಿಯದು. ಸೊನ್ನೆಗೆ ಬೌಲ್ಡ್.

ಟೀವಿ ಆರಿಸುವಾಗ ಒಬ್ಬ ದೊಡ್ಡ ಮನುಷ್ಯರು, "ನಮ್ಮೂರ ಹುಡುಗೀನ ಸೋಲಿಸಿದಂಗಾತು ನೋಡು" ಎಂದರು. ಎಂಟು ದಿನದ ಹಿಂದೆ ಇದೇ ಕಟ್ಟೆಯ ಮೇಲೆ ಅದೇ ಬಾಯಿ ನಮ್ಮೂರ ಹುಲಿ ಎಂದಿತ್ತು. ಬೌಲರನ್ನು ಹನ್ನೊಂದನೆಯವಳಾಗಿ ಬ್ಯಾಟಿಗೆ ಕಳಿಸುವಷ್ಟರಲ್ಲಿ ಪಂದ್ಯ ಕೆಟ್ಟಿತ್ತು ಎಂದು ವಾದಿಸಬೇಕೆನ್ನಿಸಿತು. ಮನಸ್ಸಾಗದೆ ಎದ್ದು ಬಂದೆ.

ಜುಲೈ 24, ಸೋಮವಾರ

ಡಬ್ಬಿಗೆ ಮತ್ತೆ ಹತ್ತು ಚೀಟಿ ಬಿದ್ದಿವೆ. ಒಟ್ಟು 57.

ಹುಡುಗರ ಒಂದು ಚೀಟಿ: "ಅಕ್ಕಾ, ಆ ಬಾಲ್ ಯಾಕ ಬಿಡ್ಲಿಲ್ಲ?" ಹುಡುಗಿಯರ ಒಂದು: "ಸೊನ್ನೆಗೆ ಔಟಾದ ರಾತ್ರಿ ಉಂಡ್ರೇನು? ಯಾರಾದ್ರೂ ಮಾತಾಡಿಸಿದ್ರೇನು?"

ಇದನ್ನು ತೆಗೆಯೋಣ, ಗಾಯಕ್ಕೆ ಉಪ್ಪು ಹಚ್ಚಿದಂತೆ ಎಂದೆ. ಅಕ್ಕೋರು ಒಪ್ಪಲಿಲ್ಲ. "ಐದು ವಿಕೆಟ್ ತಗೊಂಡಾಗ ಹ್ಯಾಂಗನಿಸ್ತು ಅಂತ ನೂರು ಮಂದಿ ಕೇಳ್ತಾರ್ರೀ ಸರ್. ಉಂಡೀ ಏನವಾ ಅಂತ ಕೇಳಾವ್ರು ಮನೀ ಮಂದಿ ಅಷ್ಟ. ಈ ಹುಡುಗಿ ಮನೀ ಮಂದೀಹಂಗ ಕೇಳ್ಯಾಳ." ಚೀಟಿ ಉಳಿಯಿತು.

ಕ್ರಿಕೆಟ್ ಮಂಡಳಿ ಪ್ರತಿ ಆಟಗಾರ್ತಿಗೆ 50 ಲಕ್ಷ ಘೋಷಿಸಿದೆ. ಸುದ್ದಿ ಹೇಳಿದ ಕೂಡಲೇ ಒಂಬತ್ತನೆಯ ಕ್ಲಾಸಿನ ಒಬ್ಬಳು ಬಾಯಿಬಿಟ್ಟು ಕೇಳಿದಳು: "ಪಾಸ್‌ಬುಕ್ ಆಕೀ ಹೆಸರಿಲೇ ಐತೇನ್ರೀ?" ಇಡೀ ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ಜುಲೈ 28, ಶುಕ್ರವಾರ

ಪಂಚಮಿ. ಊರ ತುಂಬ ಉಂಡಿ, ಅಳ್ಳು, ತವರಿಗೆ ಬಂದ ಹೆಣ್ಣುಮಕ್ಕಳ ಸೀರೆ. ಊರ ಹೊರಗಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದಾರೆ. ಎರಡು ಮಕ್ಕಳ ತಾಯಂದಿರು ಸೆರಗು ಸಿಕ್ಕಿಸಿ, ಎದುರುಬದರು ನಿಂತು, ಮರದ ತುದಿ ಮುಟ್ಟುವಂತೆ ಜೀಕುತ್ತಿದ್ದರು. ಅವರಲ್ಲೊಬ್ಬಳನ್ನು ಗುರುತಿಸಿದೆ. ನಾನು ಈ ಊರಿಗೆ ಬಂದ ಮೊದಲ ವರ್ಷದ ಕಬಡ್ಡಿ ತಂಡದ ನಾಯಕಿ. ಇಳಿದು ಬಂದು ಕೈಗೆ ಎರಡು ಉಂಡಿ ಇಟ್ಟಳು.

"ಇನ್ನೂ ಉಸಿರು ಐತಲ್ಲವಾ ಚಲೋ" ಎಂದೆ.

"ಉಸಿರಿಗೇನ್ ಆಗೈತ್ರೀ ಸರ್? ಪಂಚಮಿಗೊಮ್ಮೆ ತಗೀತೀನಿ" ಎಂದು ನಕ್ಕಳು.

ಪಂಚಮಿ ದಿನ ಹೆಣ್ಣುಮಕ್ಕಳು ಎಷ್ಟು ಎತ್ತರ ಹೋದರೂ ಯಾರೂ ಬೇಡವೆನ್ನುವುದಿಲ್ಲ. ಕತ್ತಲಾದರೂ ಬೇಡವೆನ್ನುವುದಿಲ್ಲ, ಮರದ ಸುತ್ತ ಇಡೀ ಓಣಿಯೇ ಇರುತ್ತದೆ. ಆ ರಾತ್ರಿಯ ಬಸ್ ಸ್ಟ್ಯಾಂಡಿನಲ್ಲಿ ಯಾರಿದ್ದರು?

ಆಗಸ್ಟ್ 2, ಬುಧವಾರ

ಸನ್ಮಾನಕ್ಕೆ ಮಕ್ಕಳನ್ನು ಕರೆದೊಯ್ಯಲು ಆಗಲಿಲ್ಲ. ಗಾಡಿಯೂ ಹೊಂದಲಿಲ್ಲ, ಪರೀಕ್ಷೆಯೂ ಅಡ್ಡ ಬಂತು. ಡಬ್ಬಿ ಕಪಾಟಿನ ಮೇಲೆಯೇ ಇದೆ.

ಆದರೆ ಪೇಪರಿನಲ್ಲಿ ಬಂದ ಸುದ್ದಿ ಮಕ್ಕಳಿಗೆ ಓದಿ ಹೇಳಿದೆ. ನಮ್ಮ ಬಬಲೇಶ್ವರದ ಶಾಸಕರೂ ನೀರಾವರಿ ಮಂತ್ರಿಯೂ ಆದ ಎಂ.ಬಿ. ಪಾಟೀಲರು ರಾಜೇಶ್ವರಿಗೆ ಐದು ಲಕ್ಷದ ಕಾರು ಕೊಡುವುದಾಗಿ ಹೇಳಿದ್ದರು. ಅವಳು ಕಾರು ಬೇಡ, ನಮ್ಮ ಮನೆಯವರಿಗೆ ಇರಲೊಂದು ಮನೆ ಬೇಕು ಎಂದಳಂತೆ. ಬಾಡಿಗೆ ಮನೆಯ ಸಂಸಾರ.

ಕ್ಲಾಸು ಎರಡು ಹೋಳಾಯಿತು. ಹುಡುಗರಿಗೆ ಕಾರು ಬಿಟ್ಟದ್ದು ಹೊಟ್ಟೆ ಉರಿಸಿತು. "ಕಾರೂ ತಗೊಂಡು ಮನೀನೂ ಕೇಳ್ಬೇಕಾಗಿತ್ತು" ಎಂದು ಒಬ್ಬ. ಎಡಚಿ ಹುಡುಗಿ ಎದ್ದು ಹೇಳಿದಳು: "ಕೊಡೂ ಮೊದಲ ನಿನಗೇನ್ ಬೇಕವಾ ಅಂತ ಕೇಳಿದ್ರ ಆಕಿನ ಹೇಳ್ತಿದ್ಲು."

57 ಚೀಟಿಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ನಿಮಗೇನು ಬೇಕು ಎಂದು ಒಂದೂ ಇರಲಿಲ್ಲ. ನಾನೂ ಬರೆದಿರಲಿಲ್ಲ. ಮಾಸ್ತರನಾಗಿ ಹತ್ತೊಂಬತ್ತು ವರ್ಷ. ಓಡು ಎಂದಿದ್ದೇನೆ, ಕೂಡು ಎಂದಿದ್ದೇನೆ, ಕಂಬ ಹಿಡಿ ಎಂದಿದ್ದೇನೆ. ಈ ಪ್ರಶ್ನೆಯನ್ನು ಒಬ್ಬ ಹುಡುಗಿಗೂ ಕೇಳಿದ ನೆನಪಿಲ್ಲ.

ಆಗಸ್ಟ್ 4, ಶುಕ್ರವಾರ

ಅಕ್ಕೋರನ್ನು ಜೊತೆಗೆ ಕರೆದುಕೊಂಡು ತೋಟದ ವಸ್ತಿಗೆ ಹೋದೆ. ಸಂಜೆ ಆರೂವರೆ. ಬೇಕೆಂದೇ ನಡೆದು ಹೋದೆ. ಬಸ್ ಸ್ಟ್ಯಾಂಡಿನಿಂದ ಇಪ್ಪತ್ತೆರಡು ನಿಮಿಷ. ಎರಡೂ ಕಡೆ ದ್ರಾಕ್ಷಿ ಪಡ, ನಡುವೆ ಹಳ್ಳ. ದೀಪವೆಂಬುದು ಒಂದೂ ಇಲ್ಲ. ಹಳ್ಳದ ಹತ್ತಿರ ನಾಯಿಗಳು.

ಅವಳ ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದರು. ಕೈ ತೊಳೆದು ಬಂದು ಹೊರಸಿನ ಮೇಲೆ ಕೂರಿಸಿದರು. ತಾಟಿನಲ್ಲಿ ಒಣದ್ರಾಕ್ಷಿ, ಆಮೇಲೆ ಚಹಾ. ಮಗಳು ಒಳಗೇ ಇದ್ದಳು. ಮಾತು ಮಳೆಗೆ ಹೋಯಿತು, ಕಾಲುವೆ ನೀರಿಗೆ ಹೋಯಿತು, ದ್ರಾಕ್ಷಿಯ ದರಕ್ಕೆ ಹೋಯಿತು. ಕೊನೆಗೆ ನಾನೇ ಹೇಳಿದೆ: "ಹೋದ ವರ್ಷ ತಪ್ಪು ನಂದು. ಬಸ್ ಸ್ಟ್ಯಾಂಡಿನಾಗ ಬಿಟ್ಟು ಹೋದೆ."

ಅವರು ತಕ್ಷಣ ಮಾತಾಡಲಿಲ್ಲ. ಬಸಿಯಲ್ಲಿದ್ದ ಚಹಾ ಮುಗಿಸಿದರು.

"ಆಟ ಬ್ಯಾಡ ಅಂತ ನಾ ಎಂದೂ ಅಂದಿಲ್ರೀ ಸರ್. ಆ ರಾತ್ರಿ ಹಳ್ಳದ ಆ ದಂಡಿಗೆ ನಿಂತು ಕೂಗಾಕತ್ತಿದ್ಲು. ನಾಯಿಗೆ ಅಂಜಿ ದಾಟವಲ್ಲಳು. ನಾ ಬ್ಯಾಟ್ರಿ ತಗೊಂಡು ಹೋದೆ. ಅವತ್ತ ಅಂದೆ, ಮಾಸ್ತರ್ ಬಂದು ಮಾತಾಡೂತನಾ ಬ್ಯಾಡ ಅಂತ." ಸ್ವಲ್ಪ ತಡೆದು, "ನೀವು ಬರ್ಲಿಲ್ಲ" ಎಂದರು.

ಮಗಳು ನನಗೆ ಹೇಳಿದ್ದು ಅರ್ಧ ವಾಕ್ಯ. ಉಳಿದರ್ಧವನ್ನು ಮಾಸ್ತರಿಗೆ ಹೇಳುವ ಧೈರ್ಯ ಹದಿಮೂರರ ಹುಡುಗಿಗೆ ಎಲ್ಲಿಂದ ಬರಬೇಕು? ಕೇಳಬೇಕಾದವನು ನಾನು.

ಆಮೇಲೆ ಅವರು ಒಂದೊಂದೇ ಕೇಳುತ್ತ ಹೋದರು. ಜೋಡಿ ಯಾರು ಬರ್ತಾರ? ಹೆಣ್ಣಮಕ್ಕಳ ಟೀಚರ್ ಇರ್ತಾರೇನು? ರಾತ್ರಿ ಆದ್ರ ಯಾರ ಗಾಡಿ? ಬಿದ್ದು ಕಾಲು ಮುರಕೊಂಡ್ರ ಯಾವ ದವಾಖಾನಿ? ಎಲ್ಲವೂ ಆ ಡಬ್ಬಿಯ ಪ್ರಶ್ನೆಗಳೇ, ಕೈಬರಹ ಮಾತ್ರ ಬೇರೆ. ಅಕ್ಕೋರು ತಾವು ಜೊತೆಗೆ ಬರುವುದಾಗಿ ಹೇಳಿದರು. ನಾನು ಪ್ರತಿ ಮಗುವನ್ನೂ ಹೊಸ್ತಿಲವರೆಗೆ ಬಿಟ್ಟೇ ಮಲಗುವೆನೆಂದು ಹೇಳಿದೆ.

ಏಳುವ ಮುನ್ನ ಬಾಗಿಲ ಕಡೆ ತಿರುಗಿ ಕೇಳಿದೆ: "ನಿನಗೇನ್ ಬೇಕವಾ?"

ಒಳಗಿನಿಂದ ತಡಮಾಡಿ ಉತ್ತರ ಬಂತು: "ಬೂಟ್ ಸಣ್ಣ ಆಗ್ಯಾವ್ರೀ ಸರ್."

ಅಪ್ಪ ಜೋರಾಗಿ ನಕ್ಕರು. ಬ್ಯಾಟ್ರಿ ಹಿಡಿದು ನಮ್ಮನ್ನು ಹಳ್ಳ ದಾಟಿಸಿ, ಡಾಂಬರು ರಸ್ತೆಯವರೆಗೂ ಬಂದು ಬಿಟ್ಟು ಹೋದರು.

ಆಗಸ್ಟ್ 5, ಶನಿವಾರ

ಡಬ್ಬಿ ಬಿಚ್ಚಿ ಚೀಟಿಗಳನ್ನು ಎರಡು ಪಾಲು ಮಾಡಿದೆ. ಹನ್ನೊಂದು ನನ್ನ ಮೇಜಿನ ಖಾನೆಗೆ ಹೋದವು. ಅವುಗಳ ಮೇಲೆ ಅಕ್ಕಾ ಎಂದು ಬರೆದಿದ್ದರೂ ಉತ್ತರ ಕೊಡಬೇಕಾದವನು ನಾನು. ಉಳಿದ 46 ಅವಳವೇ. ಎಡಗೈ, ಕೊಹ್ಲಿ, ಬಿಡಬೇಕಿದ್ದ ಆ ಬಾಲು, ಆ ರಾತ್ರಿಯ ಊಟ. ಮುಚ್ಚಳ ಹಾಕಿ ಮತ್ತೆ ಕಪಾಟಿನ ಮೇಲಿಟ್ಟೆ. ಎಂದಾದರೂ ಭೆಟ್ಟಿಯಾದರೆ ಕೊಡುವುದು.

ಮುಂದಿನ ವಾರ ವಲಯ ಮಟ್ಟ. ಹನ್ನೆರಡನೆಯವಳನ್ನು ಮೊದಲ ಇನ್ನಿಂಗ್ಸಿನಲ್ಲೇ ಇಳಿಸಬೇಕು.

ನಾಳೆ ತರಬೇಕಾದ್ದು: ಮೈದಾನದ ಗೆರೆಗೆ ಸುಣ್ಣ ಐದು ಕಿಲೋ. ಬ್ಯಾಟ್ರಿಗೆ ಸೆಲ್ಲು, ದೊಡ್ಡವು ಮೂರು. ಬೂಟು: ಅಳತೆ ಕೇಳಲು ಮರೆತೆ. ಸೋಮವಾರ ಕೇಳಬೇಕು.